ಅವರೆ ಗಡಿಗೆಯ ಮುದ್ರೆ

ಅಂಗಡಿಯಲ್ಲಿ ‘ಸಾವಯವ ಬೀಜ’ ಎಂದು ಹಸಿರು ಅಕ್ಷರದಲ್ಲಿ ಬರೆದ ಪೊಟ್ಟಣ ಕಂಡರೆ ನನಗೆ ಮೊದಲು ಬರುವುದು ಅನುಮಾನ. ಯಾರು ಬೆಳೆದದ್ದು, ಯಾವ ಹೊಲದ್ದು, ಗಿಡದಲ್ಲೇ ಒಣಗಿದ್ದೋ, ಹಸಿಯಾಗಿ ಕಿತ್ತು ಒಣಗಿಸಿದ್ದೋ, ಹೇಳುವವರು ಯಾರು? ಪೊಟ್ಟಣದ ಮೇಲೆ ನಗುವ ರೈತನ ಚಿತ್ರವಿರುತ್ತದೆ. ಅವನ ಪಂಚೆ ಅಷ್ಟು ಬೆಳ್ಳಗಿರುವುದನ್ನು ನೋಡಿದರೇ ನನಗೆ ನಂಬಿಕೆ ಹೊರಟುಹೋಗುತ್ತದೆ. ಅಂಗಡಿಯವನು "ತಗೊಳ್ಳಿ ಆಂಟಿ, ಗ್ಯಾರಂಟಿ ಐಟಂ" ಎನ್ನುತ್ತಾನೆ. ನಾನು ಪೊಟ್ಟಣವನ್ನು ಬೆಳಕಿಗೆ ಹಿಡಿದು, ಅಲುಗಾಡಿಸಿ, ಕಿವಿಯ ಹತ್ತಿರ ತಂದು ಕೇಳಿಸಿಕೊಂಡು, ಇದ್ದ ಜಾಗದಲ್ಲೇ ಇಟ್ಟು ಬರುತ್ತೇನೆ. ಇವಳು ಕೊಳ್ಳುವ ಪೈಕಿಯಲ್ಲ ಎಂದು ಅವನಿಗೂ ಈಗ ಗೊತ್ತಾಗಿದೆ.

ಈ ಬುದ್ಧಿ ನನಗೆ ತಾನಾಗಿ ಬಂದದ್ದಲ್ಲ. ನಾನು ಬೆಳೆದದ್ದೇ ಅನುಮಾನದ ಮನೆಯಲ್ಲಿ. ನಾಯಂಡಹಳ್ಳಿಗೂ ವಿಜಯನಗರಕ್ಕೂ ನಡುವೆ ಎಪ್ಪತ್ತರ ದಶಕದಲ್ಲಿ ನಮ್ಮ ಹಳ್ಳಿಯಿತ್ತು. ಹಳ್ಳಿ ಈಗಲೂ ಇದೆ, ಬಸ್ಸಿನಲ್ಲಿ ಹಾದುಹೋಗುವವರಿಗೆ ಅದು ಹಳ್ಳಿ ಎಂದು ಗೊತ್ತಾಗುವುದಿಲ್ಲ, ಅಷ್ಟೆ. ನಮ್ಮ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲು ದಾಟಿದರೆ ಹೊಲ. ಹೊಲದ ಆಚೆ ಬದುವಿನ ಮೇಲೆ ನಿಂತರೆ ಹೊಸ ಬಡಾವಣೆಯ ಮನೆಗಳ ಬಿಳೀ ಗೋಡೆ ಕಾಣುತ್ತಿತ್ತು. ಮನೆಯಲ್ಲಿದ್ದವರು ಅಪ್ಪ, ಅವ್ವ, ಒಬ್ಬಳೇ ಮಗಳಾದ ನಾನು, ಮತ್ತೆ ಅಪ್ಪನ ಅಕ್ಕ. ಅವಳನ್ನು ನಾನು ಅತ್ತೆ ಎನ್ನುತ್ತಿದ್ದೆ. ಕೆಂಗೇರಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ಚಿಕ್ಕ ವಯಸ್ಸಿಗೇ ತವರಿಗೆ ಬಂದು ಉಳಿದುಬಿಟ್ಟವಳು.

ಅತ್ತೆಗೂ ಅವ್ವನಿಗೂ ನಡುವೆ ಒಂದು ಗಡಿಗೆ ಇತ್ತು. ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಹೊಗೆ ತಾಗುವ ಜಾಗದಲ್ಲಿ ಕೂತಿದ್ದ ಕರೀ ಮಣ್ಣಿನ ಗಡಿಗೆ. ಅದರೊಳಗೆ ಇದ್ದದ್ದು ನಮ್ಮ ಮನೆ ಅವರೆಯ ಬಿತ್ತನೆ ಬೀಜ. ನಮ್ಮ ಕಡೆ ಬೀಜದ ಗಡಿಗೆಯನ್ನು ಮನೆಯ ಹಿರೀ ಹೆಂಗಸು ಸೊಸೆಯ ಕೈಗೆ ಕೊಟ್ಟು ಕಣ್ಣು ಮುಚ್ಚುವುದು ಪದ್ಧತಿ. ನನ್ನಜ್ಜಿ ಮಾತ್ರ ಸೊಸೆಯನ್ನು ಬಿಟ್ಟು ಮಗಳ ಕೈಗೆ ಕೊಟ್ಟು ಹೋಗಿದ್ದಳು. ಆ ಅವಮಾನ ಅವ್ವನ ಹೊಟ್ಟೆಯಲ್ಲಿ ಆರದ ಕೆಂಡ.

"ನಾನೇನ್ ಬಿತ್ತನೆ ಬೀಜ ಬೇಯಿಸ್ಕೊಂಡು ತಿನ್ನೋಳಾ? ಮನೆ ಸೊಸೆ ಕಣೇ ನಾನು. ಗಡಿಗೆ ಮುಟ್ಟೋ ಯೋಗ್ಯತೆ ಇಲ್ಲ ಅಂತ ಊರಿಗೆಲ್ಲ ತೋರಿಸ್ಬಿಟ್ಟು ಹೋದ್ರು ಮಹಾತಾಯಿ!" ಎಂದು ಅವ್ವ ರಾಗಿ ಬೀಸುವಾಗ, ಪಾತ್ರೆ ಬೆಳಗುವಾಗ, ನನ್ನ ತಲೆ ಬಾಚುವಾಗ ಹೇಳುತ್ತಿದ್ದಳು. ತಲೆ ಬಾಚುವಾಗ ಹೇಳಿದರೆ ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಅತ್ತೆಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವಳು ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಸಗಣಿ ಮೆತ್ತಿ, ಹಸಿಯಿರುವಾಗಲೇ ತನ್ನ ಬಲಗೈ ಒತ್ತುತ್ತಿದ್ದಳು. ಅವಳ ತೋರುಬೆರಳಿನ ತುದಿ ಯಾವುದೋ ಕೊಯ್ಲಿನಲ್ಲಿ ಕುಡುಗೋಲಿಗೆ ಹೋಗಿತ್ತು. ಹಾಗಾಗಿ ಒಣಗಿದ ಸಗಣಿಯ ಮೇಲೆ ನಾಲ್ಕು ಪೂರಾ ಬೆರಳು, ಒಂದು ಮೊಂಡು ಬೆರಳು ಮೂಡಿರುತ್ತಿತ್ತು. ಆ ಮುದ್ರೆ ಒಡೆಯುವ ಹಕ್ಕು ಅವಳಿಗೊಬ್ಬಳಿಗೇ. ಅಪ್ಪ ಇದನ್ನು ನೋಡಿ "ಖಜಾನೆಗೆ ಸೀಲು ಹಾಕಿದಂಗೆ ಹಾಕ್ತೀಯಲ್ಲಕ್ಕ" ಎಂದು ನಗುತ್ತಿದ್ದ. ಅವ್ವ ನಗುತ್ತಿರಲಿಲ್ಲ.

ಬೀಜ ಮಾಡುವ ಕೆಲಸ ಗಡಿಗೆಗಿಂತ ಬಹಳ ಮುಂಚೆ ಶುರುವಾಗುತ್ತಿತ್ತು. ರಾಗಿಯ ಸಾಲುಗಳ ನಡುವೆ ಅವರೆಯ ಅಕ್ಕಡಿ ಸಾಲು. ಮಳೆಗಾಲದಲ್ಲಿ ಅದು ಸುಮ್ಮನೆ ಎಲೆ ಬಿಟ್ಟುಕೊಂಡು ರಾಗಿಯ ಮಧ್ಯೆ ಇರುತ್ತಿತ್ತು. ರಾಗಿ ಕೊಯ್ದು, ಚಳಿ ಬಿದ್ದು, ಇಬ್ಬನಿ ಇಳಿದ ಮೇಲೆ ಹೂವಾಗಿ ಕಾಯಿ ಕಟ್ಟಿ ಸೊಗಡು ಹತ್ತುವುದು. ಹೊಲಕ್ಕೆ ಕಾಲಿಟ್ಟರೆ ಸೀರೆಯ ಅಂಚಿಗೆಲ್ಲ ವಾಸನೆ. ಮನೆಗೆಂದು ಮೊದಲ ಕಾಯಿ ಕೀಳುವುದಕ್ಕೆ ಮುಂಚೆ ಅತ್ತೆ ಹಳೇ ಸೀರೆ ಹರಿದು ಪಟ್ಟಿ ಮಾಡಿಕೊಂಡು ಹೊಲ ಸುತ್ತುತ್ತಿದ್ದಳು. ಹೇನು ಹತ್ತದ, ಕಾಯಿ ತುಂಬ ಕಟ್ಟಿದ, ಕೈಗೆ ಜಿಗುಟು ಸೊಗಡು ಹತ್ತುವ ಗಿಡಕ್ಕೆ ಪಟ್ಟಿ ಕಟ್ಟುವಳು. ಪಟ್ಟಿ ಕಟ್ಟಿದ ಗಿಡದಲ್ಲಿ ಒಂದು ಕಾಯಿಯನ್ನೂ ಯಾರೂ ಮುಟ್ಟುವ ಹಾಗಿಲ್ಲ. ಅದು ಗಿಡದಲ್ಲೇ ಹಣ್ಣಾಗಿ ಒಣಗಬೇಕು. ಆಮೇಲೆ ಅಮಾವಾಸ್ಯೆಯ ಮುಂಚಿನ ಬಿಸಿಲಿಗೆ ಒಣಗಿಸಿ, ಬೂದಿಯಲ್ಲಿ ಹೊರಳಿಸಿ, ಒಂದು ಪದರ ಬೀಜ ಒಂದು ಪದರ ಬೇವಿನ ಸೊಪ್ಪು ಹಾಕಿ ಗಡಿಗೆ ತುಂಬುವುದು. ಅಂಗಡಿಯಿಂದ ಒಂದು ಪುಡಿಯನ್ನೂ ತರುತ್ತಿರಲಿಲ್ಲ. ಕೊಟ್ಟಿಗೆ ಗೊಬ್ಬರ ಬಿಟ್ಟರೆ ನೆಲಕ್ಕೆ ಬೇರೇನೂ ಬೀಳುತ್ತಿರಲಿಲ್ಲ. ಅವರೆ ಇದ್ದ ಸಾಲಿನಲ್ಲಿ ಮರುವರ್ಷ ರಾಗಿ ಒಂದು ಗೇಣು ಎತ್ತರವೇ ಏಳುತ್ತಿತ್ತು. ಹಸುವಿಗೆ ಹೊಟ್ಟು, ನಮಗೆ ಕಾಳು, ನೆಲಕ್ಕೆ ಎಲೆ.

ಅತ್ತೆಯ ಅನುಮಾನ ಬರೀ ಅವ್ವನ ಮೇಲಿರಲಿಲ್ಲ, ಬೀದಿಯಲ್ಲಿ ಬರುವ ಎಲ್ಲದರ ಮೇಲೂ ಇತ್ತು. ಒಂದು ವರ್ಷ ಗ್ರಾಮಸೇವಕರು ಹೈಬ್ರಿಡ್ ಮುಸುಕಿನ ಜೋಳದ ಬೀಜ ತಂದರು. ಹುಳ ತಿನ್ನದಿರಲೆಂದು ಔಷಧಿ ಬಳಿದು, ಕಾಳೆಲ್ಲ ಗುಲಾಬಿ ಬಣ್ಣ. ಅತ್ತೆ ಒಂದು ಕಾಳು ಎತ್ತಿ ಮೂಸಿ, "ಇದೇನ್ ಸ್ವಾಮಿ, ಬೀಜಕ್ಕೂ ರಂಗು ಬಳ್ದಿದೀರಾ? ಮದುವೆ ಹೆಣ್ಣಾ ಇದು? ಏನ್ ಮುಚ್ಚಿಡಕ್ಕೆ?" ಎಂದಳು. ಪಾಪ, ಅವರು ಒಳ್ಳೆಯ ಮನುಷ್ಯ. ಸುಳ್ಳನ್ನೂ ಹೇಳಿರಲಿಲ್ಲ. ಗೊಬ್ಬರ ಹಾಕಿದ್ದಕ್ಕೆ ಆ ವರ್ಷ ಜೋಳ ಬಂದದ್ದು ನೋಡಿ ಅಪ್ಪ ಹಿಗ್ಗಿಹೋದ. ಆದರೆ ಮರುವರ್ಷ ಅದರದೇ ತೆನೆ ಇಟ್ಟು ಬಿತ್ತಿದರೆ ಒಂದು ಗಿಡ ಉದ್ದ, ಒಂದು ಗಿಡ ಗಿಡ್ಡ, ಅರ್ಧ ತೆನೆ ಬೊಕ್ಕ. ಪ್ರತೀ ವರ್ಷ ಹೊಸ ಬೀಜವೇ ತರಬೇಕು ಎಂದು ಗ್ರಾಮಸೇವಕರು ಮೊದಲೇ ಹೇಳಿದ್ದರು, ಅಪ್ಪ ಕೇಳಿಸಿಕೊಂಡಿರಲಿಲ್ಲ. ಅತ್ತೆ ಬೊಕ್ಕ ತೆನೆಯನ್ನು ಅಪ್ಪನ ಮುಂದೆ ಇಟ್ಟು, ಏನೂ ಹೇಳದೆ ಎದ್ದು ಹೋದಳು. ಹೇಳಿದ್ದರೇ ವಾಸಿಯಿತ್ತು ಎಂದು ಅಪ್ಪ ಗೊಣಗಿಕೊಂಡ.

ಅದಾದ ಮೇಲೆ ಒಂದು ಬೇಸಿಗೆಯಲ್ಲಿ ಸರ್ಕಾರದ ಅಳತೆಯವರು ಬಂದು ನಮ್ಮ ಹೊಲದಲ್ಲಿ ಕಲ್ಲು ನೆಟ್ಟರು. ಬಡಾವಣೆಗೆ ಜಮೀನು ಹೋಗುತ್ತದೆಂದು ಊರಲ್ಲಿ ಗುಸುಗುಸು ಇದ್ದೇ ಇತ್ತು. ಕಲ್ಲು ನೆಟ್ಟ ಮೇಲೆ ಗುಸುಗುಸು ನಿಂತಿತು. ಬಿತ್ತಬೇಡಿ, ಬಿತ್ತಿದರೆ ಬೆಳೆ ನಿಮ್ಮದಲ್ಲ ಎಂದು ಹೇಳಿ ಹೋದರು. ಅಪ್ಪ ಒಂದಿಷ್ಟು ದಿನ ಮಂಕಾಗಿ ಕೂತಿದ್ದು, ಆಮೇಲೆ ಹಿತ್ತಲಿನ ತುಂಬ ಸೈಜುಗಲ್ಲು, ಮರಳು ತರಿಸಿ ಹಾಕಿದ. ಊರಿನ ಎಲ್ಲರ ಹಾಗೆ ಹಿತ್ತಲಲ್ಲಿ ಸಾಲಾಗಿ ಕೋಣೆ ಕಟ್ಟಿ ಬಾಡಿಗೆಗೆ ಕೊಡುವುದು ಅವನ ಲೆಕ್ಕ. ಹೊಲವೂ ಹೋಯಿತು, ಹಿತ್ತಲೂ ಹೋಯಿತು.

"ಬೀಜ ಎಲ್ಲಿ ಹಾಕೋದು?" ಎಂದಳು ಅತ್ತೆ.

"ಇನ್ನೇನ್ ಹಾಕದು ಬಿಡಕ್ಕ. ಮಾರ್ಕೆಟ್ನಲ್ಲಿ ಬೇಕಾದಷ್ಟು ಅವರೆಕಾಯಿ ಬರುತ್ತೆ. ತಂದು ತಿಂದ್ರಾಯ್ತು" ಎಂದ ಅಪ್ಪ.

"ತಿನ್ನೋ ಮಾತಲ್ಲ ಕಣೋ. ಬೀಜ ಕಾಯ್ಕೊಂಡು ಕೂರಲ್ಲ. ಈ ಮಳೆ ತಪ್ಪಿದ್ರೆ ಅರ್ಧ ಸಾಯುತ್ತೆ, ಬರೋ ಮಳೇನೂ ತಪ್ಪಿದ್ರೆ ಪೂರ್ತಿ ಸಾಯುತ್ತೆ. ಆಮೇಲೆ ನಮ್ಮನೆ ಅವರೆ ಅಂತ ಇತ್ತು ಅಂತ ಯಾರಿಗ್ ಹೇಳ್ತೀಯ?"

ಅಪ್ಪ ಟವೆಲು ಕೊಡವಿಕೊಂಡು ಎದ್ದು ಹೋದ. ಅತ್ತೆಗೆ ಹೊಲದ ಮೇಲೆ ಹಕ್ಕಿರಲಿಲ್ಲ, ಮನೆಯ ಮೇಲೂ ಇರಲಿಲ್ಲ. ಆ ಮನೆಯಲ್ಲಿ ಅವಳದು ಎನ್ನುವುದು ಆ ಗಡಿಗೆಯೊಂದೇ. ಅದರೊಳಗಿನದು ಸತ್ತರೆ ತಾನು ಅಲ್ಲಿ ಉಂಡುಕೊಂಡು ಬಿದ್ದಿರುವ ಇನ್ನೊಂದು ಹೊಟ್ಟೆ ಮಾತ್ರ ಎಂದು ಅವಳಿಗೆ ಅನಿಸಿರಬೇಕು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ಬೇಸಿಗೆ ಅವಳು ತಟ್ಟೆಗೆ ಎರಡನೇ ಮುದ್ದೆ ಹಾಕಿಸಿಕೊಂಡದ್ದನ್ನು ನಾನು ನೋಡಲಿಲ್ಲ.

ಅದೇ ಬೇಸಿಗೆಯ ಒಂದು ಮಧ್ಯಾಹ್ನ ಅವ್ವ ಅಟ್ಟದ ಏಣಿ ಇಳಿಯುತ್ತಿದ್ದಳು. ನನ್ನನ್ನು ನೋಡಿ "ಉಪ್ಪಿನಕಾಯಿ ಜಾಡಿ ನೋಡಣಾಂತ ಹತ್ತಿದ್ದೆ" ಎಂದಳು. ನಾನು ಕೇಳಿಯೇ ಇರಲಿಲ್ಲ. ಕೈಗೆ ಸಗಣಿ ಮೆತ್ತಿತ್ತು. ಹಸು ಕಟ್ಟಿದ ಮನೆಯಲ್ಲಿ ಹೆಂಗಸರ ಕೈಗೆ ಸಗಣಿ ಮೆತ್ತುವುದು ವಿಶೇಷವೇನೂ ಅಲ್ಲ, ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ಆಷಾಢ ಬಂತು. ಅತ್ತೆ ಗಡಿಗೆ ಇಳಿಸಿ ಪಡಸಾಲೆಯ ಬೆಳಕಿಗೆ ತಂದಳು. ಯಾವಾಗಲೂ ಕುಕ್ಕಿ ಒಡೆಯುವವಳು ಆ ದಿನ ಸಗಣಿಯ ಮುದ್ರೆಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಒಡೆದು ಒಳಗೆ ಕೈಯಿಟ್ಟಳು.

"ಬೀಜ ತಗ್ಗಿದೆ" ಎಂದಳು.

"ನನ್ ಮುಖ ಯಾಕ್ ನೋಡ್ತೀರಾ ಅಕ್ಕಯ್ಯ?" ಎಂದು ಅವ್ವ ಅಲ್ಲೇ ಭುಗಿಲೆದ್ದಳು. "ನಾನ್ ತಗೊಂಡೆ ಅಂತಾನಾ? ಹೇಳ್ಬಿಡಿ ಮತ್ತೆ, ಬಾಯ್ಬಿಟ್ಟು ಹೇಳ್ಬಿಡಿ!"

"ನೋಡ್ದೆ ಅಷ್ಟೇ ಕಣಮ್ಮ. ನೋಡೋದಕ್ಕೂ ನಿನ್ ಅಪ್ಪಣೆ ಬೇಕಾ?"

ಆ ದಿನದ ಮೇಲೆ ಅತ್ತೆ ಮಧ್ಯಾಹ್ನದ ಹೊತ್ತು ಮನೆಯಿಂದ ಮಾಯವಾಗುತ್ತಿದ್ದಳು. ಸೊಂಟದಲ್ಲಿ ಸೆರಗಿನ ಗಂಟು. ಹೋಗುವಾಗ ಗಂಟು ದಪ್ಪ, ಬರುವಾಗ ಸಪಾಟು. ಅವ್ವನ ಕಣ್ಣು ತಪ್ಪುವುದುಂಟೇ? "ಗಂಡನ ಮನೆಯೋರಿಗೆ ಸಾಗಿಸ್ತಾ ಇದಾಳೆ. ಕೆಂಗೇರೀಲಿ ಮೈದುನಂದ್ರಿಗೆ ಹೊಲ ಇದೆಯಲ್ಲ ಇನ್ನೂ. ಉಂಡಿದ್ದು ಇಲ್ಲಿ, ಕೊಡೋದು ಅಲ್ಲಿಗೆ! ಹೋಗು, ಹಿಂದಿಂದೆ ಹೋಗಿ ನೋಡ್ಕೊಂಡ್ ಬಾ. ಕಾಣಿಸ್ಕೋಬೇಡ" ಎಂದು ನನ್ನನ್ನು ಅಟ್ಟಿದಳು. ನಾನಾಗ ಹೈಸ್ಕೂಲಿನ ಹುಡುಗಿ. ಇಂಥ ಕೆಲಸಕ್ಕೆ ಎರಡನೇ ಸಲ ಹೇಳಿಸಿಕೊಳ್ಳುವವಳಲ್ಲ.

ಅತ್ತೆ ಕೆಂಗೇರಿ ಬಸ್ಸಿನ ಕಡೆ ಹೋಗಲಿಲ್ಲ. ಕಲ್ಲು ನೆಟ್ಟ ಹೊಲ ದಾಟಿ ವಿಜಯನಗರದ ಬಡಾವಣೆಗೆ ಹೋದಳು. ಹೊಸ ಮನೆಗಳ ಕಾಂಪೌಂಡಿನೊಳಗೆ ಆಗಿನ್ನೂ ಅಷ್ಟಿಷ್ಟು ಮಣ್ಣು ಕಾಣುತ್ತಿತ್ತು. ಅತ್ತೆ ಗೇಟಿನ ಹೊರಗೆ ನಿಂತು ಮೊದಲು ಆ ಮಣ್ಣು ನೋಡುವಳು. ಹಿಡಿಸದಿದ್ದರೆ ಮುಂದಿನ ಮನೆ. ಹಿಡಿಸಿದರೆ ಕೂಗುವಳು. ಒಂದು ಗೇಟಿನ ಹತ್ತಿರ ಮನೆಯ ಹೆಂಗಸು ಹೊರಗೆ ಬಂದಳು, ಅತ್ತೆ ಸೆರಗು ಬಿಚ್ಚಿ ಒಂದು ಹಿಡಿ ಬೀಜ ಅವಳ ಕೈಗೆ ಹಾಕಿ ಏನೇನೋ ಹೇಳಿದಳು. ದೂರದಿಂದ ನನಗೆ ಕೇಳಿಸಲಿಲ್ಲ. ತೋರುಬೆರಳಿನ ಮೊಂಡನ್ನು ಎತ್ತೆತ್ತಿ ಆಡಿಸುತ್ತಿದ್ದುದು ಕಂಡಿತು.

"ಮಾರ್ಕೊತಾ ಇದಾಳೆ!" ಎಂದಳು ಅವ್ವ, ನಾನು ಕಂಡದ್ದು ಹೇಳಿದಾಗ. ಮುಖ ಕೆಂಪಗಾಗಿತ್ತು. "ಬಿತ್ತನೆ ಬೀಜ! ಅಯ್ಯೋ ಶಿವನೇ, ಮನೇಲಿರೋ ಲಕ್ಷ್ಮೀನ ತಗೊಂಡ್ ಹೋಗಿ ಬೀದೀಲಿ ಮಾರೋದಾ!" ಆದರೆ ಅತ್ತೆಯನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ನಾವು ಹಿಂದೆ ಬಿದ್ದದ್ದು ಗೊತ್ತಾಗುತ್ತದಲ್ಲ. ಅತ್ತೆಯೂ ಏನೂ ಹೇಳಲಿಲ್ಲ. ಇಬ್ಬರೂ ಒಂದೇ ಒಲೆಯ ಮುಂದೆ ಕೂತು, ಒಬ್ಬರ ಕೈಯನ್ನು ಒಬ್ಬರು ನೋಡಿಕೊಳ್ಳುತ್ತ ಮಳೆಗಾಲ ಕಳೆದರು. ನನಗೆ ಅತ್ತೆಯ ಮೇಲೆ ಸಿಟ್ಟಿತ್ತು. ಅವಳು ಕೊಟ್ಟ ಕಡಲೆಯನ್ನೂ ಯಾಕೆ ಕೊಟ್ಟಳೋ ಎಂದು ಯೋಚಿಸಿ ತಿನ್ನುತ್ತಿದ್ದೆ.

ಚಳಿ ಬಿತ್ತು. ಒಂದು ಭಾನುವಾರ ಬೆಳಿಗ್ಗೆ ಬಡಾವಣೆಯ ಕಡೆಯಿಂದ ಒಬ್ಬರು ಸೈಕಲ್ಲಿನಲ್ಲಿ ನಮ್ಮ ಮನೆ ಕೇಳಿಕೊಂಡು ಬಂದರು. ಇಸ್ತ್ರಿ ಮಾಡಿದ ಶರ್ಟು, ಕನ್ನಡಕ. ಅಪ್ಪ ಊರಲ್ಲಿರಲಿಲ್ಲ.

"ನೋಡಿಮ್ಮ, ನಿಮ್ಮ ಮನೆಯೋರಂತೆ ಒಬ್ರು ನಮ್ಮ ಗೇಟ್ ಹತ್ರ ಕೂತಿದಾರೆ. ಒಂದು ವಾರದಿಂದ ಬರ್ತಾರೆ, ಕಾಂಪೌಂಡ್ ಮೇಲಿಂದ ಇಣುಕಿ ನೋಡ್ತಾರೆ, ಹೋಗ್ತಾರೆ. ಹೋದ ತಿಂಗಳು ನಮ್ಮನೇಲಿ ಹಿತ್ತಾಳೆ ಕೊಡ ಕಳುವಾಗಿದೆ. ಪೊಲೀಸು ಗಿಲೀಸು ಬೇಡ ಅಂತ ನಾನೇ ಬಂದೆ. ಬಂದು ಕರ್ಕೊಂಡು ಹೋಗಿ."

ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟೇಬಿಟ್ಟಳು. ನಾನು ಹಿಂದೆ. ದಾರಿಯುದ್ದಕ್ಕೂ ಅವಳು ಹಲ್ಲು ಕಚ್ಚಿಕೊಂಡಿದ್ದಳು. ಅತ್ತೆಗೆ ಇವತ್ತು ಇದೆ ಎಂದು ನಾನು ಅಂದುಕೊಂಡೆ.

ಅತ್ತೆ ಗೇಟಿನ ಪಕ್ಕದ ಚಪ್ಪಡಿಯ ಮೇಲೆ ಕೂತಿದ್ದಳು. ಸುತ್ತ ನಾಲ್ಕಾರು ಜನ. ನಮ್ಮನ್ನು ನೋಡಿದ್ದೇ ಎದ್ದು ನಿಂತು, ಕಾಂಪೌಂಡಿನೊಳಗೆ ಕೈ ತೋರಿಸಿ ಕೂಗಿದಳು: "ಕಿತ್ಬಿಟ್ಟವ್ರೆ ಕಣೇ! ಪಟ್ಟಿ ಕಟ್ಟಿದ್ ಗಿಡದಲ್ಲೂ ಕಿತ್ಬಿಟ್ಟವ್ರೆ!"

ಗೋಡೆಯ ಬದಿಗೆ ಅವರೆ ಗಿಡಗಳು ನಿಂತಿದ್ದವು. ಒಂದಕ್ಕೆ ಅತ್ತೆಯ ಹಳೇ ಸೀರೆಯ ನೀಲಿ ಪಟ್ಟಿ. ಅದರಲ್ಲಿ ಕಾಯಿಯಿಲ್ಲ, ಬರೀ ತೊಟ್ಟು.

ಆ ಮನೆಯ ಹೆಂಗಸು, ಒಳ್ಳೆಯವಳೇ, ಗಾಬರಿಯಾಗಿ ಹೇಳಿದಳು: "ಅಯ್ಯೋ, ಹಸಿ ಕಾಯಿ ಇಟ್ಕೊಂಡು ಏನ್ರೀ ಮಾಡೋದು? ಹುಳಿ ಮಾಡಿದ್ವಿ, ಉಪ್ಪಿಟ್ಟಿಗೆ ಹಾಕಿದ್ವಿ. ಎಷ್ಟು ಘಮ ಅಂತೀರಾ! ಪಕ್ಕದ್ಮನೆಯೋರಿಗೂ ಕೊಟ್ವಿ. ಇವರು ಬೀಜ ಕೊಟ್ಟಾಗ ಏನೋ ಪಟ್ಟಿ ಗಿಟ್ಟಿ ಅಂದ್ರು, ನಂಗೆ ಅರ್ಥ ಆಗ್ಲಿಲ್ಲ. ದೃಷ್ಟಿಗೆ ಕಟ್ಟಿದಾರೆ ಅಂದ್ಕೊಂಡೆ."

"ಎಷ್ಟು ತಗೊಂಡ್ರು ನಿಮ್ಮತ್ರ?" ಎಂದು ಅವ್ವ ಅವಳನ್ನು ನೇರವಾಗಿ ಕೇಳಿದಳು.

"ತಗೊಳ್ಳೋದಾ? ಏನೂ ತಗೊಳ್ಲಿಲ್ಲ. ಒಣಗಿದ್ ಮೇಲೆ ಎರಡು ಹಿಡಿ ವಾಪಸ್ ಕೊಡ್ಬೇಕು ಅಂದ್ರು ಅಷ್ಟೇ."

ಅವ್ವ ಪಟ್ಟಿ ಕಟ್ಟಿದ ಗಿಡದ ಕಡೆ ನೋಡಿದಳು. ಯಜಮಾನರು ಅಷ್ಟರಲ್ಲಿ "ಅದೇನೇ ಇರ್ಲಿ, ಹೀಗೆ ಕಳ್ಳರ ಥರ ಇಣುಕೋದು..." ಎಂದು ಶುರುಮಾಡಿದರು. ಅವ್ವ ತಿರುಗಿದಳು.

"ಕಳ್ಳರು ಅಂದ್ರೆ ಸರಿ ಇರಲ್ಲ ನೋಡಿ ಸಾರ್. ಯಾರ್ ಕಳ್ಳರು? ಬೀಜ ಕೊಟ್ಟಿದ್ದು ಅವರು, ತಿಂದಿದ್ದು ನೀವು. ನಮ್ಮನೆ ಹಿರೇರು ಅವರು. ಕೊಡ ಕದ್ದೋರು ದಿನಾ ಬಂದು ಕಾಂಪೌಂಡ್ ಹತ್ರ ನಿಂತ್ಕೋತಾರಾ? ಬುದ್ಧಿ ಇರೋರು ಆಡೋ ಮಾತಾ ಇದು?" ಎಂದು ಅತ್ತೆಯ ರಟ್ಟೆ ಹಿಡಿದುಕೊಂಡು ಹೊರಟಳು. ಅವ್ವ ಅತ್ತೆಯನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೀಜ ಕೊಟ್ಟ ಎಲ್ಲ ಮನೆಯನ್ನೂ ಆ ದಿನ ಸುತ್ತಿದೆವು. ಒಂದು ಕಡೆ ಗಿಡವನ್ನೇ ಕಿತ್ತು ಗುಲಾಬಿ ಹಾಕಿದ್ದರು. ಒಂದು ಕಡೆ ಕಾಯಿ ಯಾವಾಗ ಬಿಡುತ್ತೆ ಎಂದು ಕಾದು ಬೇಸತ್ತು ನೀರು ನಿಲ್ಲಿಸಿದ್ದರು. ಉಳಿದ ಎಲ್ಲ ಕಡೆ ತಿಂದಿದ್ದರು. ತಿಂದವರೆಲ್ಲರೂ ಬಾಯಿ ತುಂಬ ಹೊಗಳಿದರು. ಹೊಗಳಿದಷ್ಟೂ ಅತ್ತೆಯ ಮುಖ ಸಣ್ಣದಾಗುತ್ತ ಹೋಯಿತು. ಕೊನೆಯ ಗೇಟಿನ ಹತ್ತಿರ ಅವಳು ಕೂಗಲೂ ಇಲ್ಲ, ಹೊರಗಿಂದ ನೋಡಿ ತಿರುಗಿಬಿಟ್ಟಳು.

"ಗಡಿಗೇಲಿ ಎಷ್ಟಿದೆ ಅಕ್ಕಯ್ಯ?" ಎಂದಳು ಅವ್ವ, ಹೊಲದ ನಡುವೆ ಕಲ್ಲಿನ ಹತ್ತಿರ.

"ಏನೂ ಇಲ್ಲ. ಎಲ್ಲಾ ಕೊಟ್ಬಿಟ್ಟೆ. ಯಾರೂ ನಂಬೋ ಜನ ಅಲ್ಲ ಅಂತ ಗೊತ್ತಿತ್ತು, ಅದಕ್ಕೇ ದಿನಾ ಹೋಗ್ ನೋಡ್ತಿದ್ದೆ. ನೋಡಿದ್ರೇನ್ ಬಂತು?" ಎಂದು ಅತ್ತೆ ಕಲ್ಲಿನ ಮೇಲೆ ಕೂತು ಅತ್ತಳು. ಗಟ್ಟಿಯಾಗಿ, ಮಕ್ಕಳು ಅಳುವ ಹಾಗೆ ಅತ್ತಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವ್ವ ಪಕ್ಕದಲ್ಲಿ ನಿಂತಿದ್ದಳೇ ಹೊರತು ಸಮಾಧಾನದ ಮಾತು ಒಂದೂ ಆಡಲಿಲ್ಲ. ಎಂಥ ಕಲ್ಲು ಮನಸ್ಸು ಇವಳದು ಎಂದು ನನಗೆ ರೇಗಿತು.

ಆ ಸಂಕ್ರಾಂತಿಗೆ ಅಪ್ಪ ಮಾರ್ಕೆಟ್ಟಿನಿಂದ ಅವರೆಕಾಯಿ ತಂದ. ಗೆಣಸು, ಕಡಲೆಕಾಯಿಯ ಜೊತೆ ಬೇಯಿಸಿ ತಟ್ಟೆಗೆ ಹಾಕಿದರೆ ಅತ್ತೆ ಒಂದು ಕಾಯಿ ಎತ್ತಿ ಮೂಸಿ ಕೆಳಗಿಟ್ಟಳು. ಬರಿದಾದ ಗಡಿಗೆ ಹಿತ್ತಲಿನ ಬಾಗಿಲ ಹತ್ತಿರ ಬೋರಲು ಬಿದ್ದಿತ್ತು. ಕೋಳಿ ಅದರ ಮೇಲೆ ಹತ್ತಿ ಕೂತರೂ ಅವಳು ಓಡಿಸುತ್ತಿರಲಿಲ್ಲ.

ನನ್ನ ಅನುಮಾನ ಆಗ ಅವ್ವನ ಕಡೆ ತಿರುಗಿತು. ಅವ್ವ ಆಗಾಗ ಒಳಕೋಣೆಯ ಪೆಟ್ಟಿಗೆ ತೆಗೆದು, ಏನನ್ನೋ ಅಲುಗಾಡಿಸಿ, ಕಿವಿಗೊಟ್ಟು, ಮುಚ್ಚಿಡುತ್ತಿದ್ದಳು. ನಾನು ಹೋದರೆ "ಏನ್ ಕೆಲ್ಸ ನಿಂಗಿಲ್ಲಿ?" ಎಂದು ಗದರುವಳು. ಬೇಸಿಗೆಯಲ್ಲಿ ಅಪ್ಪ ಹಿತ್ತಲ ಕೋಣೆಗಳಿಗೆ ಪಾಯ ತೆಗೆಸುವ ದಿನ ಇದ್ದಕ್ಕಿದ್ದಂತೆ ರಂಪ ಮಾಡಿದಳು. ಬೇಲಿಯ ಪಕ್ಕದ ಕಡೇ ಕೋಣೆ ಬೇಡ, ಅಷ್ಟು ಜಾಗ ಖಾಲಿ ಬಿಡಬೇಕು ಎಂದು ಹಟ.

"ಒಂದ್ ಬಾಡಿಗೆ ಹೋಗುತ್ತಲ್ಲೇ! ತಲೆ ಕೆಟ್ಟಿದ್ಯಾ?" ಎಂದ ಅಪ್ಪ.

"ಹೋದ್ರೆ ಹೋಗ್ಲಿ. ನನ್ ಮೇಲೆ ಪಾಯ ತೆಗೀರಿ ಬೇಕಾದ್ರೆ" ಎಂದು ಗುರುತಿನ ದಾರದ ಮೇಲೇ ಕೂತುಬಿಟ್ಟಳು. ಅಪ್ಪ ಸೋತ. ಆ ಕೋಣೆ ಕಟ್ಟಲೇ ಇಲ್ಲ. ಯಾಕೆ ಎಂದು ಅವನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ ಒಳಗೆ ಹೋದಳು.

ಮತ್ತೆ ಆಷಾಢ. ಮೋಡ ಕವಿದ ಒಂದು ಬೆಳಿಗ್ಗೆ ಅವ್ವ ಪೆಟ್ಟಿಗೆಯಿಂದ ಒಂದು ತಗಡಿನ ಡಬ್ಬಿ ತಂದು, ಅತ್ತೆಯ ಮುಂದೆ ಟಣ್ ಎಂದು ಇಟ್ಟು, ಮುಖ ಆ ಕಡೆ ತಿರುಗಿಸಿ ನಿಂತಳು. ಅತ್ತೆ ಮುಚ್ಚಳ ತೆಗೆದಳು. ಬೂದಿ. ಬೂದಿಯೊಳಗೆ ಕೈಯಿಟ್ಟಳು. ಕೈ ಹೊರಗೆ ಬಂದಾಗ ಅಂಗೈ ತುಂಬ ಅವರೆ.

ನನಗೆ ಅಟ್ಟದ ಏಣಿ, ಉಪ್ಪಿನಕಾಯಿ ಜಾಡಿ, ಸಗಣಿ ಮೆತ್ತಿದ ಕೈ ಎಲ್ಲ ಒಟ್ಟಿಗೇ ನೆನಪಾಯಿತು. ಮುದ್ರೆ ಒಡೆದು, ಕದ್ದು, ಮತ್ತೆ ಸಗಣಿ ಮೆತ್ತಿ, ತೋರುಬೆರಳು ಮಡಚಿ ಕೈ ಒತ್ತಿದ್ದಳು ನನ್ನ ಅವ್ವ!

"ನೀವು ದಾನ ಮಾಡಿ ಮುಗಿಸ್ಬಿಡ್ತೀರಾ ಅಂತ ಅನುಮಾನ ಇತ್ತು ನಂಗೆ. ಕಲ್ಲು ನೆಟ್ಟ ವಾರವೇ ತೆಗ್ದಿಟ್ಟೆ. ಬೈಯೋದಿದ್ರೆ ಬೈದ್ಬಿಡಿ" ಎಂದಳು ಅವ್ವ, ಗೋಡೆಗೆ ಹೇಳುವವಳ ಹಾಗೆ.

ಅತ್ತೆ ಒಂದು ಕಾಳನ್ನು ಹಲ್ಲಿಗಿಟ್ಟು ಕಚ್ಚಿದಳು. ಕಟ್ ಎಂದಿತು. ಇನ್ನಷ್ಟು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಬೆಚ್ಚಗಿನ ಬದಿಗೆ ಇಟ್ಟಳು. ಒಂದು ಮಳೆ ತಪ್ಪಿದ ಬೀಜ, ಏಳುತ್ತದೋ ಇಲ್ಲವೋ ಯಾರು ಬಲ್ಲರು? ಆ ಗಂಟು ಬಿಚ್ಚುವವರೆಗೆ ಎಲ್ಲರೂ ಒಲೆಯ ಸುತ್ತಲೇ ಸುಳಿದಾಡಿದೆವು. ಅಪ್ಪ ಕೂಡ ಅಡುಗೆಮನೆಗೆ ಬಂದು ಇಣುಕಿ ಹೋದ. ಬಿಚ್ಚಿದಾಗ ಕೆಲವು ಕೊಳೆತಿದ್ದವು. ಉಳಿದವು ಬಿಳೀ ಮೂತಿ ಹೊರಗೆ ಹಾಕಿದ್ದವು.

ಇಬ್ಬರೂ ಹಿತ್ತಲ ಆ ಖಾಲಿ ಜಾಗಕ್ಕೆ ಹೋಗಿ, ಮರಳು ಬಳಿದು ತೆಗೆದು, ಕೊಟ್ಟಿಗೆ ಗೊಬ್ಬರ ಹಾಕಿ, ಊರಿದರು. ಒಬ್ಬರು ಗುಳಿ ಮಾಡಿದರೆ ಒಬ್ಬರು ಬೀಜ ಹಾಕಿದರು. ಗುಳಿ ಆಳವಾಯಿತೆಂದು ಒಬ್ಬರು, ಬೀಜ ಹೆಚ್ಚಾಯಿತೆಂದು ಒಬ್ಬರು ಜಗಳವಾಡುತ್ತಲೇ ಇದ್ದರು. ಮುಗಿದ ಮೇಲೆ ಅತ್ತೆ ಕೈ ತೊಳೆಯದೆ ಹೇಳಿದಳು:

"ಕಳ್ಳಿ ನೀನೇ ಅಂತ ನಂಗೆ ಆವತ್ತೇ ಗೊತ್ತಿತ್ತು ಕಣೇ. ಮೊಂಡು ಬೆರಳಿನ ಜಾಗದಲ್ಲಿ ಗೆಣ್ಣಿನ ಗುರುತಿತ್ತು. ನನ್ ಬೆರಳು ನಂಗೆ ಗೊತ್ತಾಗಲ್ವಾ?"

ಅವ್ವ ತಿರುಗಿ ನೋಡಿದಳು. "ಮತ್ಯಾಕ್ ಕೇಳ್ಲಿಲ್ಲ?"

"ಕೇಳಿದ್ರೆ ನೀನು ವಾಪಸ್ ತಂದ್ ಹಾಕ್ತಿದ್ದೆ. ಹಾಕಿದ್ರೆ ನಾನು ಅದನ್ನೂ ತಗೊಂಡ್ ಹೋಗಿ ಅವರಿಗೇ ಕೊಡ್ತಿದ್ದೆ. ಆಮೇಲೆ ಇಟ್ಟಿದೀಯೋ ಬೇಯಿಸ್ಕೊಂಡು ತಿಂದ್ಯೋ, ಅದೊಂದು ಗೊತ್ತಿರ್ಲಿಲ್ಲ." ಅತ್ತೆ ಬೋರಲು ಬಿದ್ದಿದ್ದ ಗಡಿಗೆಯನ್ನು ಎತ್ತಿ, ಕೋಳಿಯ ಹಿಕ್ಕೆ ಸೆರಗಿನಿಂದ ಒರೆಸಿ, ಅವ್ವನ ಕೈಗೆ ಇಟ್ಟಳು. "ಇನ್ ಮೇಲೆ ನೀನೇ ಇಟ್ಕೋ. ಕದಿಯೋಳ ಕೈಯಲ್ಲೇ ಇರ್ಲಿ. ಬೇರೆಯೋರು ಕದಿಯಕ್ಕಾಗಲ್ಲ."

ಅವ್ವ ಗಡಿಗೆ ಹಿಡಿದುಕೊಂಡು ನಿಂತೇ ಇದ್ದಳು. ಆಮೇಲೆ ಅದನ್ನು ಒಳಗೆ ಒಯ್ದು ಅಟ್ಟದ ಹಳೇ ಜಾಗದಲ್ಲೇ ಇಟ್ಟು ಬಂದಳು.

ಆ ಗಡಿಗೆ ಅವ್ವನಿಂದ ನನಗೆ ಬಂತು. ಈಗ ಬಸವೇಶ್ವರನಗರದ ಮನೆಯ ಅಡುಗೆಮನೆಯಲ್ಲಿ, ಮೇಲಿನ ಶೆಲ್ಫಿನಲ್ಲಿ ಇದೆ. ಪ್ರತೀ ಚಳಿಗೆ ತಾರಸಿಯ ಮಣ್ಣಿನ ತೊಟ್ಟಿಗಳಲ್ಲಿ ಅವರೆ ಸೊಗಡು ಬಿಡುತ್ತದೆ. ಬೀಜ ಮಾಡಿ ತುಂಬಿದ ಮೇಲೆ ನಾನೂ ಸಗಣಿ ತರಿಸಿ ಮೆತ್ತಿ, ತೋರುಬೆರಳು ಮಡಚಿ ಕೈ ಒತ್ತುತ್ತೇನೆ. ಸೊಸೆ ಇದನ್ನೆಲ್ಲ ನೋಡಿ ನಗುತ್ತಾಳೆ. ಹೋದ ಆಷಾಢದಲ್ಲಿ ಗಡಿಗೆ ಇಳಿಸಿದಾಗ ಮುದ್ರೆಯ ಮೇಲೆ ಬೆರಳು ಸ್ವಲ್ಪ ತೆಳ್ಳಗೆ ಕಂಡವು. ಒಡೆದು ಕೈಯಿಟ್ಟರೆ ಬೀಜ ಒಂದು ಹಿಡಿ ತಗ್ಗಿತ್ತು. ತಿರುಗಿ ಸೊಸೆಯ ಮುಖ ನೋಡಿದೆ. ಅವಳು ಕೊತ್ತಂಬರಿ ಸೋಸುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಏನೂ ಕೇಳಲಿಲ್ಲ.